ಎಡ್ವರ್ಡ್ ಹೈಡ್ ಪಕ್ಷಾಂತರಿಯೇ? ಒಬ್ಬ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸರ್, ನಾನು ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದೇನೆ. ಸೆಮಿನಾರ್‌ಗೆ ನನಗೆ ಬಂದಿರುವ ವಿಷಯ ಎಡ್ವರ್ಡ್ ಹೈಡ್, ಅಂದರೆ ಮುಂದೆ ಕ್ಲಾರೆಂಡನ್‌ನ ಅರ್ಲ್ ಆದವನು. 1640ರಲ್ಲಿ ಇವನು ಪಾರ್ಲಿಮೆಂಟಿನಲ್ಲಿ ನಿಂತು ರಾಜನ ಆಡಳಿತವನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ. 1642ರ ಬೇಸಿಗೆಗೆ ಅದೇ ರಾಜನ ಪಾಳಯದಲ್ಲಿರುತ್ತಾನೆ. ಒಂದು ನೋಟ್ಸ್‌ನಲ್ಲಿ ‘ಅಧಿಕಾರದ ಆಸೆಗೆ ಪಕ್ಷ ಬದಲಿಸಿದ’ ಅಂತಿದೆ. ಇನ್ನೊಂದರಲ್ಲಿ ‘ತತ್ವಕ್ಕಾಗಿ ಎಲ್ಲವನ್ನೂ ಕಳೆದುಕೊಂಡ’ ಅಂತಿದೆ. ರಾಜನ ಮಂತ್ರಿ ಸ್ಟ್ರಾಫರ್ಡ್‌ನ ಮರಣದಂಡನೆಗೆ ಇವನು ಮತ ಹಾಕಿದನೋ ಇಲ್ಲವೋ ಎಲ್ಲೂ ಸ್ಪಷ್ಟವಿಲ್ಲ. ಇವನೇ ಬರೆದ ಇತಿಹಾಸವನ್ನು ನಂಬಬಹುದಾ? ಬಾಂಬೆ ಇಂಗ್ಲಿಷರಿಗೆ ಸಿಕ್ಕಿದ್ದೂ ಇವನಿಂದಲೇ ಅಂತ ಓದಿದೆ, ನಿಜವಾ? ಒಂದು ಕಡೆ ವಾಲಿದರೆ ಪ್ರಶ್ನೆ ಕೇಳುವವರು ಹಿಡಿದುಹಾಕುತ್ತಾರೆ ಅನ್ನೋ ಭಯ. ಯಾವ ದಾರಿ ಹಿಡಿಯಲಿ?

ಉತ್ತರ: ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಇಂಗ್ಲೆಂಡಿನ ಅಂತರ್ಯುದ್ಧದ ಪಾಠ ಮಾಡುವಾಗ ತರಗತಿ ಯಾವಾಗಲೂ ಈ ಹೈಡ್ ಹತ್ತಿರ ಬಂದು ನಿಲ್ಲುತ್ತದೆ. ವಿದ್ಯಾರ್ಥಿಗಳು ಕೇಳುವುದೂ ನೀವು ಕೇಳಿರುವುದನ್ನೇ: ‘ಇವನು ಯಾವ ಕಡೆಯವನು ಸರ್?’ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಪಕ್ಷಾಂತರಿ ಅನ್ನಲು ಆಧಾರ ಸಾಲದು. ಆದರೆ ಅವನ ಮೇಲೆ ಹೊರಿಸಬಹುದಾದ ಬೇರೊಂದು ಗಟ್ಟಿ ಆರೋಪವಿದೆ. ನಿಮ್ಮ ಎರಡೂ ನೋಟ್ಸ್ ಅದರ ಸುದ್ದಿಗೇ ಹೋಗಿಲ್ಲ.

ಮೊದಲು ತಲೆಯಿಂದ ತೆಗೆಯಬೇಕಾದ ಒಂದು ಚಿತ್ರವಿದೆ. ರಾಜನ ಕಡೆ ಅಂದರೆ ಉದ್ದ ಕೂದಲಿನ ಶ್ರೀಮಂತ ಸರದಾರರು, ಪಾರ್ಲಿಮೆಂಟಿನ ಕಡೆ ಅಂದರೆ ಪ್ರಜಾಪ್ರಭುತ್ವ ಬೇಕೆಂದ ಸಾಮಾನ್ಯರು ಅನ್ನುವ ಚಿತ್ರ. ಇದು ನಿಜವಲ್ಲ. ಪಾರ್ಲಿಮೆಂಟಿನ ಸೈನ್ಯ ನಡೆಸಿದವನು ಎಸೆಕ್ಸ್‌ನ ಅರ್ಲ್. ನೌಕಾಪಡೆಯನ್ನು ಅದರ ಕೈಗೆ ತಂದುಕೊಟ್ಟವನು ವಾರ್ವಿಕ್‌ನ ಅರ್ಲ್. ಇತ್ತ ಪಾರ್ಲಿಮೆಂಟಿನ ಕೆಳಮನೆಯಾದ ಕಾಮನ್ಸ್ ಸಭೆಯ ಐನೂರಕ್ಕೂ ಹೆಚ್ಚು ಸದಸ್ಯರಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಕೊನೆಗೆ ರಾಜನ ಕಡೆ ನಿಂತರು. ಹೈಡ್ ಅವರಲ್ಲೊಬ್ಬ. 1609ರಲ್ಲಿ ವಿಲ್ಟ್‌ಶೈರ್‌ನ ಡಿಂಟನ್‌ನಲ್ಲಿ ಹುಟ್ಟಿದವನು. ಸಾಧಾರಣ ಜಮೀನ್ದಾರರ ಮನೆತನ. ಓದಿದ್ದು ಆಕ್ಸ್‌ಫರ್ಡ್‌ನಲ್ಲಿ, ಕಲಿತಿದ್ದು ಲಂಡನ್ನಿನ ಮಿಡ್ಲ್ ಟೆಂಪಲ್‌ನಲ್ಲಿ ವಕೀಲಿ. ಅವನು ಮೊದಲು ವಕೀಲ, ಆಮೇಲೆ ಉಳಿದದ್ದೆಲ್ಲ. ಇದನ್ನು ನೆನಪಿನಲ್ಲಿಟ್ಟುಕೊಂಡರೆ ಅವನ ಬಹುತೇಕ ನಡೆಗಳು ಅರ್ಥವಾಗುತ್ತವೆ.

ರಾಜ ಒಂದನೇ ಚಾರ್ಲ್ಸ್ 1629ರಿಂದ ಹನ್ನೊಂದು ವರ್ಷ ಪಾರ್ಲಿಮೆಂಟನ್ನೇ ಕರೆದಿರಲಿಲ್ಲ. 1640ರ ಏಪ್ರಿಲ್‌ನಲ್ಲಿ ಕೊನೆಗೂ ಕರೆದಾಗ ಹೈಡ್ ಮೊದಲ ಬಾರಿ ಸದಸ್ಯನಾಗಿ ಬಂದ. ಅವನು ಎತ್ತಿಕೊಂಡ ವಿಷಯ ಅರ್ಲ್ ಮಾರ್ಷಲ್‌ನ ಕೋರ್ಟು. ಕುಲಲಾಂಛನ, ಮಾನಮರ್ಯಾದೆಗಳ ತಕರಾರು ನೋಡುತ್ತಿದ್ದ ಜಾಗ ಅದು. ಅಲ್ಲಿಯ ಒಂದು ಕೇಸನ್ನು ಅವನು ಸಭೆಯ ಮುಂದಿಟ್ಟ. ಥೇಮ್ಸ್ ನದಿಯಲ್ಲಿ ದೋಣಿ ನಡೆಸುವವನೊಬ್ಬ ಒಬ್ಬ ವ್ಯಾಪಾರಿಯ ಹತ್ತಿರ ಬಾಡಿಗೆ ಜಾಸ್ತಿ ಕೇಳಿದ. ದೋಣಿಯವನ ಅಂಗಿಯ ಮೇಲೆ ಅವನ ಧಣಿಯಾದ ಅರ್ಲ್‌ನ ಲಾಂಛನ ಇತ್ತು, ಒಂದು ಹಂಸ. ಜಗಳದ ಬಿಸಿಯಲ್ಲಿ ವ್ಯಾಪಾರಿ ಅದನ್ನು ಬಾತುಕೋಳಿ ಅಂದುಬಿಟ್ಟ. ಅಷ್ಟಕ್ಕೇ ಅವನಿಗೆ ದಂಡ, ಜೈಲು. ಬಾಳು ಹಾಳಾಯಿತು. ಯಾವ ಕಾನೂನಿನ ಪ್ರಕಾರ ಇದು, ಅನ್ನುವುದು ಹೈಡ್‌ನ ಪ್ರಶ್ನೆ.

ಆ ಪಾರ್ಲಿಮೆಂಟು ಮೂರೇ ವಾರ ಉಳಿಯಿತು. ನವೆಂಬರ್‌ನಲ್ಲಿ ಸೇರಿದ್ದೇ ಲಾಂಗ್ ಪಾರ್ಲಿಮೆಂಟು. ಅಲ್ಲೂ ಹೈಡ್ ಮುಂಚೂಣಿಯಲ್ಲೇ ಇದ್ದ. ಪಾರ್ಲಿಮೆಂಟಿನ ಒಪ್ಪಿಗೆ ಇಲ್ಲದೆ ರಾಜ ವಸೂಲಿ ಮಾಡಿದ ‘ಹಡಗು ಹಣ’ದ ತೆರಿಗೆಯನ್ನು ನ್ಯಾಯಾಧೀಶರು ಸರಿ ಅಂದಿದ್ದರಲ್ಲ, ಅವರ ಮೇಲೆ ಯಾರು ಒತ್ತಡ ಹಾಕಿದ್ದರು ಅಂತ ನ್ಯಾಯಾಧೀಶರನ್ನೇ ಕೇಳಿಸಬೇಕು ಎಂದು ಹಟ ಹಿಡಿದವನು ಇವನು. ಉತ್ತರ ಪ್ರಾಂತದಲ್ಲಿ ಕಾನೂನಿನ ಹಂಗಿಲ್ಲದೆ ನಡೆಯುತ್ತಿದ್ದ ಕೌನ್ಸಿಲ್ ವಿರುದ್ಧ ವಾದ ಮಂಡಿಸಿದವನೂ ಇವನೇ. 1641ರ ಜುಲೈನಲ್ಲಿ ರಾಜನ ಹಿಡಿತದಲ್ಲಿದ್ದ ಸ್ಟಾರ್ ಚೇಂಬರ್ ಮತ್ತು ಹೈ ಕಮಿಷನ್ ಕೋರ್ಟುಗಳು ರದ್ದಾದವು. ಆಗಸ್ಟ್‌ನಲ್ಲಿ ಹಡಗು ಹಣ ಅಕ್ರಮ ಅಂತ ಕಾನೂನೇ ಆಯಿತು. ಇವಕ್ಕೆಲ್ಲ ಹೈಡ್‌ನ ಬೆಂಬಲ ಇತ್ತು.

ಇಲ್ಲಿ ಒಂದು ಮಾತಿಗೆ ಅಡಿಗೆರೆ ಹಾಕಿಕೊಳ್ಳಿ. 1640ರಲ್ಲಿ ‘ರಾಜನ ಪಕ್ಷ’ ಅಂತ ಒಂದು ಇರಲೇ ಇಲ್ಲ. ಸಭೆಯಲ್ಲಿ ಹೆಚ್ಚುಕಡಿಮೆ ಎಲ್ಲರೂ ಆಡಳಿತದ ವಿರುದ್ಧ ಇದ್ದವರೇ. ಆ ಪಕ್ಷ ಹುಟ್ಟಿದ್ದು 1641ರ ಬೇಸಿಗೆ ಮುಗಿದ ಮೇಲೆ, ಹುಟ್ಟಿಸಿದವರಲ್ಲಿ ಹೈಡ್ ಮುಖ್ಯನಾದವನು. ಪಕ್ಷಾಂತರ ಅನ್ನುವ ಪದ ಇಲ್ಲಿ ಕೂರುವುದಿಲ್ಲ ಅಂತ ನಾನು ಹೇಳುವುದು ಅದಕ್ಕೇ.

ಹಾಗಾದರೆ ಏನಾಯಿತು? ಎರಡು ಸಂಗತಿ. ಒಂದು ಚರ್ಚು. ಬಿಷಪ್‌ಗಳನ್ನು ಬೇರುಸಹಿತ ಕಿತ್ತುಹಾಕಬೇಕು ಅನ್ನುವ ಮಸೂದೆ ಬಂದಾಗ ಹೈಡ್ ವಿರೋಧಿಸಿದ. ಮಸೂದೆಯ ಪರ ಇದ್ದವರು ಅವನನ್ನೇ ಸಮಿತಿಯ ಅಧ್ಯಕ್ಷನ ಕುರ್ಚಿಯಲ್ಲಿ ಕೂರಿಸಿದರು. ಕುರ್ಚಿಯಲ್ಲಿದ್ದವನು ಚರ್ಚೆಯಲ್ಲಿ ಮಾತಾಡುವಂತಿಲ್ಲ ಅನ್ನುವುದು ಅವರ ಲೆಕ್ಕ. ಅವನು ಕುರ್ಚಿಯಲ್ಲಿ ಕೂತೇ ಕೆಲಸವನ್ನು ಎಳೆದ. ಮಸೂದೆ ದಡ ಸೇರಲಿಲ್ಲ.

ಎರಡನೆಯದು ಇನ್ನೂ ದೊಡ್ಡದು. 1641ರ ಅಕ್ಟೋಬರ್‌ನಲ್ಲಿ ಐರ್ಲೆಂಡಿನಲ್ಲಿ ದಂಗೆ ಎದ್ದಿತು. ಅದನ್ನು ಅಡಗಿಸಲು ಸೈನ್ಯ ಬೇಕು. ಸೈನ್ಯ ಯಾರ ಕೈಲಿರಬೇಕು? ಚಾರ್ಲ್ಸ್ ಕೈಗೆ ಕೊಟ್ಟರೆ ಅದನ್ನು ನಮ್ಮ ಮೇಲೇ ತಿರುಗಿಸಿದರೆ ಅನ್ನುವುದು ಸಭೆಯಲ್ಲಿ ರಾಜನ ವಿರೋಧಿಗಳ ಮುಂದಾಳು ಜಾನ್ ಪಿಮ್ ಮತ್ತವನ ಗೆಳೆಯರ ಭಯ. ಆ ಭಯಕ್ಕೆ ಕಾರಣಗಳಿದ್ದವು. ರಾಜನ ನಡತೆಯೇ ಹಾಗಿತ್ತು. ಆದರೆ ಸೈನ್ಯ ರಾಜನ ಅಧೀನ ಅನ್ನುವುದು ಅವತ್ತಿನ ಕಾನೂನು. ಹೈಡ್‌ಗೆ ಅದು ಅತ್ತ ದರಿ ಇತ್ತ ಪುಲಿ. ರಾಜನನ್ನು ನಂಬುವುದು ಕಷ್ಟ, ಕಾನೂನನ್ನು ಬಿಡುವುದೂ ಕಷ್ಟ.

ಪಿಮ್ ಕಡೆಯವರು ರಾಜನ ಹದಿನೈದು ವರ್ಷದ ತಪ್ಪುಗಳ ಉದ್ದ ಪಟ್ಟಿ ತಂದರು, ಗ್ರ್ಯಾಂಡ್ ರಿಮಾನ್‌ಸ್ಟ್ರನ್ಸ್. ಇನ್ನೂರಕ್ಕೂ ಹೆಚ್ಚು ಕಲಮುಗಳು. ನವೆಂಬರ್ 22ರ ಮಧ್ಯಾಹ್ನ ಶುರುವಾದ ಚರ್ಚೆ ನಡುರಾತ್ರಿ ದಾಟಿತು. ಮೇಣದ ಬತ್ತಿ ತರಿಸಿ ಮುಂದುವರಿಸಿದರು. ಕೊನೆಗೆ 159ಕ್ಕೆ 148, ಹನ್ನೊಂದೇ ಮತದ ಅಂತರ. ಅದನ್ನು ಅಚ್ಚು ಹಾಕಿಸಿ ಬೀದಿಗೆ ಬಿಡುವ ಮಾತು ಬಂದಾಗ ಹೈಡ್ ಕಡೆಯವರು ಪ್ರತಿಭಟಿಸಿದರು, ಕೆಲವರು ಕತ್ತಿಗೆ ಕೈ ಹಾಕಿದರು. ಜೆಫ್ರಿ ಪಾಮರ್ ಎಂಬ ವಕೀಲನನ್ನು ಲಂಡನ್ನಿನ ಸೆರೆಮನೆಯಾದ ಟವರ್‌ಗೆ ಕಳಿಸಿದರು. ಆ ರಾತ್ರಿ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಒಂದು ವರ್ಷದ ಹಿಂದೆ ಒಟ್ಟಿಗೆ ಇದ್ದ ಸಭೆ ಹೆಚ್ಚುಕಡಿಮೆ ಸರಿಪಾಲಾಗಿ ಸೀಳಿದ್ದು ಅಲ್ಲೇ.

ಮುಂದೆ 1642ರ ಮಾರ್ಚ್‌ನಲ್ಲಿ ರಾಜನ ಒಪ್ಪಿಗೆ ಇಲ್ಲದೆಯೇ ಪಾರ್ಲಿಮೆಂಟು ಸ್ಥಳೀಯ ಪಡೆಗಳನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಪಾರ್ಲಿಮೆಂಟಿಲ್ಲದೆ ರಾಜ ತೆರಿಗೆ ಹಾಕಿದ್ದು ತಪ್ಪಾದರೆ, ರಾಜನಿಲ್ಲದೆ ಪಾರ್ಲಿಮೆಂಟು ಕಾನೂನು ಮಾಡುವುದು ಹೇಗೆ ಸರಿ? ಹೈಡ್‌ನ ಇಡೀ ವಾದ ಇಷ್ಟೇ. ನೀವು ಒಪ್ಪಬೇಕಂತಿಲ್ಲ. ಪಿಮ್‌ನ ಉತ್ತರವೂ ಗಟ್ಟಿ: ಬೆನ್ನಿಗೆ ಚೂರಿ ಹಿಡಿದವನ ಮುಂದೆ ಕಾನೂನಿನ ಪುಸ್ತಕ ತೆರೆದು ಕೂರಲಾಗುತ್ತದೆಯೇ ಅನ್ನುವಂಥದ್ದು.

ಈಗ ‘ಅಧಿಕಾರದ ಆಸೆ’ಯ ಮಾತು. 1642ರ ಜನವರಿಯಲ್ಲಿ ಚಾರ್ಲ್ಸ್ ಹೈಡ್‌ನ ಆಪ್ತ ಸ್ನೇಹಿತ ಫಾಕ್‌ಲ್ಯಾಂಡ್‌ನನ್ನು ಕಾರ್ಯದರ್ಶಿ ಮಾಡಿದ. ಇನ್ನೊಬ್ಬ ಗೆಳೆಯ ಕಲ್‌ಪೆಪರ್‌ನನ್ನು ಖಜಾನೆಯ ಚಾನ್ಸಲರ್ ಮಾಡಿದ. ಹೈಡ್‌ಗೂ ಹುದ್ದೆ ಕೊಡಲು ಬಂದ. ಇವನು ಬೇಡ ಅಂದ. ಖಜಾನೆಯ ಚಾನ್ಸಲರ್ ಪದವಿ ಅವನಿಗೆ ಬಂದಿದ್ದು 1643ರಲ್ಲಿ, ಯುದ್ಧ ಶುರುವಾಗಿ ತಿಂಗಳುಗಳು ಕಳೆದ ಮೇಲೆ. ಆಸೆಗೆ ಹೋದವನಾದರೆ ಕೊಟ್ಟಾಗಲೇ ತೆಗೆದುಕೊಳ್ಳುತ್ತಿದ್ದ, ಅಲ್ವಾ?

ಆದರೆ ಬೇಡ ಅಂದಿದ್ದರ ಹಿಂದೆ ಇನ್ನೊಂದು ಕಾರಣವೂ ಇತ್ತು. ನಾನು ಆಗಲೇ ಹೇಳಿದ ಗಟ್ಟಿ ಆರೋಪ ಬರುವುದು ಇಲ್ಲೇ. ಹುದ್ದೆಯಿಲ್ಲದೆ ಕಾಮನ್ಸ್‌ನಲ್ಲೇ ಕೂತರೆ ರಾಜನಿಗೆ ಜಾಸ್ತಿ ಉಪಯೋಗ ಆಗುತ್ತೇನೆ ಅಂತ ಅವನೇ ಹೇಳಿದ. ಹಾಗೇ ನಡೆದುಕೊಂಡ. ರಿಮಾನ್‌ಸ್ಟ್ರನ್ಸ್‌ಗೆ ಅವನು ಖಾಸಗಿಯಾಗಿ ಬರೆದಿಟ್ಟಿದ್ದ ಉತ್ತರವನ್ನು ರಾಜ ತನ್ನ ಹೆಸರಿನಲ್ಲೇ ಹೊರಡಿಸಿದ. ಆಮೇಲೆ ಅದೇ ರೂಢಿಯಾಯಿತು. ಹಗಲು ಸಭೆಯಲ್ಲಿ ಸದಸ್ಯ, ರಾತ್ರಿ ಅದೇ ಸಭೆಗೆ ರಾಜ ಕಳಿಸಬೇಕಾದ ಉತ್ತರಗಳ ಲೇಖಕ. ರಾಜ ಯಾರ್ಕ್‌ಗೆ ಹೋದ ಮೇಲೂ ಕಾಗದಗಳು ಗುಟ್ಟಾಗಿ ಹೋಗುತ್ತಿದ್ದವು. ಹೈಡ್‌ನ ಕೈಬರಹ ಯಾರಿಗೂ ಕಾಣಬಾರದು ಅಂತ ಚಾರ್ಲ್ಸ್ ಕೋಣೆಯಲ್ಲಿ ಕೂತು ಪ್ರತಿಯೊಂದನ್ನೂ ತನ್ನ ಕೈಯಿಂದಲೇ ನಕಲು ಮಾಡುತ್ತಿದ್ದ. ಉದ್ದದ ಕಾಗದವಾದರೆ ದಿನಗಟ್ಟಲೆ ಹಿಡಿಯುತ್ತಿತ್ತು. ಇದನ್ನು ಹೇಳಿರುವವನು ಹೈಡ್ ತಾನೇ, ಯಾವ ಮುಜುಗರವೂ ಇಲ್ಲದೆ. ಹೈಡ್, ಫಾಕ್‌ಲ್ಯಾಂಡ್, ಕಲ್‌ಪೆಪರ್ ಮೂವರನ್ನೂ ಒಟ್ಟಿಗೆ ಹಿಡಿದು ಟವರ್‌ಗೆ ಹಾಕುತ್ತಾರೆ ಎಂಬ ಸುದ್ದಿ ಹಬ್ಬಿದಾಗ, ಮೂವರೂ ಒಂದೇ ಹೊತ್ತಿಗೆ ಸಭೆಯಲ್ಲಿ ಇರದ ಹಾಗೆ ನೋಡಿಕೊಂಡರಂತೆ. ಮೇ ತಿಂಗಳ ಕೊನೆಗೆ ಹೈಡ್ ಆರೋಗ್ಯದ ಕಾರಣ ಹೇಳಿ ಲಂಡನ್ ಬಿಟ್ಟ. ಸೇರಿದ್ದು ಯಾರ್ಕ್. ಆಗಸ್ಟ್‌ನಲ್ಲಿ ಕಾಮನ್ಸ್ ಅವನ ಸದಸ್ಯತ್ವ ಕಿತ್ತುಹಾಕಿತು. ಅದೇ ತಿಂಗಳ 22ರಂದು ನಾಟಿಂಗ್‌ಹ್ಯಾಮ್‌ನಲ್ಲಿ ರಾಜ ಯುದ್ಧದ ಬಾವುಟ ಏರಿಸಿದ.

ಜನ ಆರಿಸಿ ಕಳಿಸಿದ ಸಭೆಯಲ್ಲಿ ಕೂತು, ಆ ಸಭೆಗೆ ಗೊತ್ತಿಲ್ಲದೆ ಎದುರು ಕಡೆಯ ಬರಹ ಬರೆಯುವುದು ಸರಿಯೇ? ಕಾನೂನಿನ ಮಾತಾಡುವವನಿಗೆ ಇದು ಕಠಿಣ ಪ್ರಶ್ನೆ. ಸರಿಯಲ್ಲ ಅಂತಲೇ ನನ್ನ ತೀರ್ಮಾನ. ಸಭೆ ನಡೆಯುತ್ತಿದ್ದ ರೀತಿಯಲ್ಲಿ ಬಹಿರಂಗವಾಗಿ ಬರೆದಿದ್ದರೆ ಟವರ್ ಖಚಿತವಾಗಿತ್ತು ಅನ್ನುವುದೂ ನಿಜ.

ಅದಕ್ಕಿಂತ ಬೇಸರ ತರುವುದು ಬೇರೆ. ಹೈಡ್ ಇಷ್ಟೆಲ್ಲ ಮಾಡಿದ್ದು ಯಾರಿಗಾಗಿ? 1642ರ ಜನವರಿ 4ರಂದು ಚಾರ್ಲ್ಸ್ ನೂರಾರು ಶಸ್ತ್ರಧಾರಿಗಳನ್ನು ಕರೆದುಕೊಂಡು ಕಾಮನ್ಸ್‌ಗೆ ನುಗ್ಗಿದ. ಪಿಮ್, ಹ್ಯಾಂಪ್ಡನ್, ಹೋಲ್ಸ್, ಹೇಸೆಲ್‌ರಿಗ್, ಸ್ಟ್ರೋಡ್ ಐವರನ್ನೂ ಹಿಡಿಯುವುದು ಉದ್ದೇಶ. ಅವರು ಆಗಲೇ ತಪ್ಪಿಸಿಕೊಂಡಿದ್ದರು. ಈ ಸಂಗತಿ ಹೈಡ್‌ಗಾಗಲಿ, ಆಗಷ್ಟೇ ಮಂತ್ರಿಗಳಾಗಿದ್ದ ಅವನ ಇಬ್ಬರು ಗೆಳೆಯರಿಗಾಗಲಿ ಮೊದಲೇ ಗೊತ್ತಿರಲಿಲ್ಲ. ರಾಜ ಕಾನೂನಿನ ಒಳಗೆ ಇದ್ದಾನೆ ಅಂತ ಇವರು ಜಗತ್ತನ್ನು ನಂಬಿಸುತ್ತಿದ್ದರೆ, ರಾಜ ಇವರಿಗೂ ಹೇಳದೆ ಅದನ್ನು ಮುರಿಯುತ್ತಿದ್ದ. ಹೈಡ್‌ನ ಜೀವನದ ದೊಡ್ಡ ದುರಂತ ಇದು ಅಂತ ನನಗನಿಸುತ್ತದೆ. ಯುದ್ಧದುದ್ದಕ್ಕೂ ಇದೇ ಕತೆ. ಆಗ ರಾಜನ ನೆಲೆಯಾಗಿದ್ದ ಆಕ್ಸ್‌ಫರ್ಡ್‌ನಲ್ಲಿ ಅವನು ಸಂಧಾನದ ಕರಡು ಬರೆಯುತ್ತಿದ್ದರೆ ರಾಜ ಇನ್ನೊಂದು ಬಾಗಿಲಲ್ಲಿ ಇನ್ನೇನೋ ಏರ್ಪಾಡು ಮಾಡುತ್ತಿದ್ದ. ಶಾಂತಿ ಶಾಂತಿ ಅಂತ ಹಲುಬುತ್ತಿದ್ದ ಫಾಕ್‌ಲ್ಯಾಂಡ್ 1643ರ ಸೆಪ್ಟೆಂಬರ್ 20ರಂದು ನ್ಯೂಬರಿ ಯುದ್ಧದಲ್ಲಿ, ಗುಂಡು ಸುರಿಯುತ್ತಿದ್ದ ಬೇಲಿಯ ಸಂದಿಗೆ ತಾನಾಗಿ ಕುದುರೆ ನುಗ್ಗಿಸಿ ಸತ್ತ. ಅವನ ಬಗ್ಗೆ ಹೈಡ್ ಬರೆದ ಪುಟಗಳನ್ನು ಸೆಮಿನಾರ್‌ಗೆ ಬೇಕಿಲ್ಲದಿದ್ದರೂ ಓದಿ. ಗೆಳೆಯನನ್ನು ಕಳೆದುಕೊಂಡ ನೋವು ಅಷ್ಟು ನೇರವಾಗಿ ಕಾಣುವ ಬರಹ ಆ ಕಾಲದಲ್ಲಿ ಕಡಿಮೆ.

ಸ್ಟ್ರಾಫರ್ಡ್ ವಿಷಯಕ್ಕೆ ಬರುತ್ತೇನೆ. ರಾಜನ ಬಲಗೈಯಾಗಿದ್ದ ಇವನ ಮೇಲೆ 1641ರ ವಸಂತದಲ್ಲಿ ರಾಜದ್ರೋಹದ ವಿಚಾರಣೆ ನಡೆಯಿತು. ಆರೋಪ ರುಜುವಾತಾಗುವ ಲಕ್ಷಣ ಕಾಣಲಿಲ್ಲ. ಆಗ ‘ಇವನು ದ್ರೋಹಿ, ಇವನನ್ನು ಕೊಲ್ಲಬೇಕು’ ಅಂತ ನೇರವಾಗಿ ಕಾನೂನೇ ಮಾಡುವ ದಾರಿ ಹಿಡಿದರು. ಅದನ್ನು ಅಟೈಂಡರ್ ಅನ್ನುತ್ತಾರೆ. ಏಪ್ರಿಲ್ 21ರಂದು ಕಾಮನ್ಸ್‌ನಲ್ಲಿ 204ಕ್ಕೆ 59 ಮತಗಳಿಂದ ಅದು ಪಾಸಾಯಿತು. ಮೇ 12ರಂದು ತಲೆ ಹೋಯಿತು. ಸಭೆಯ ದಾಖಲೆ ಪುಸ್ತಕದಲ್ಲಿ ಎಣಿಕೆ ಮಾತ್ರ ಇರುತ್ತಿತ್ತು, ಯಾರು ಯಾವ ಕಡೆ ಅನ್ನುವುದು ಇರುತ್ತಿರಲಿಲ್ಲ. ನಿಮಗೆ ಸ್ಪಷ್ಟ ಉತ್ತರ ಸಿಗದಿರುವುದು ಇದರಿಂದಲೇ. ಆದರೆ ವಿರೋಧಿಸಿದವರ ಹೆಸರು ಹೇಗೋ ಹೊರಬಿದ್ದು, ದೇಶದ್ರೋಹಿಗಳು ಅಂತ ಬೀದಿಯಲ್ಲಿ ಅಂಟಿಸಿದರು. ಆ ಪಟ್ಟಿಯಲ್ಲಿ ಹೈಡ್ ಇಲ್ಲ. ಅಂದರೆ ಪರವಾಗಿ ಮತ ಹಾಕಿರಬೇಕು, ಇಲ್ಲವೇ ಮತವನ್ನೇ ಹಾಕದೆ ಉಳಿದಿರಬೇಕು. ಎರಡೂ ಸೇರಿ 263 ಮತ ಅಂದಮೇಲೆ ಅರ್ಧದಷ್ಟು ಸದಸ್ಯರು ಹೊರಗೇ ಇದ್ದರು. ಫಾಕ್‌ಲ್ಯಾಂಡ್ ಮತ್ತು ಕಲ್‌ಪೆಪರ್ ಸ್ಟ್ರಾಫರ್ಡ್‌ನ ವಿರುದ್ಧವೇ ಇದ್ದರು. ನೀವು ಇಲ್ಲಿಗೆ ನಿಲ್ಲಿಸಿ. ‘ಹೈಡ್ ವಿರೋಧಿಸಿದ’ ಅಂತ ಮಾತ್ರ ಯಾವ ಕಾರಣಕ್ಕೂ ಬರೆಯಬೇಡಿ.

ಅವನ ಪುಸ್ತಕ ಈ ವಿಷಯದಲ್ಲಿ ಜಾಣತನದಿಂದ ನುಣುಚಿಕೊಳ್ಳುತ್ತದೆ. ಸ್ಟ್ರಾಫರ್ಡ್‌ನ ಪ್ರಾಣ ಉಳಿಸಲು ತಾನು ಎಸೆಕ್ಸ್‌ನ ಮನವೊಲಿಸಲು ಹೋದದ್ದನ್ನು ಹೇಳುತ್ತಾನೆ. ಸತ್ತವನಷ್ಟು ನಿಶ್ಚಿಂತೆ ಇನ್ನಾರಿಂದಲೂ ಇಲ್ಲ ಅನ್ನುವ ಅರ್ಥದಲ್ಲಿ ಎಸೆಕ್ಸ್ ಕೊಟ್ಟ ಉತ್ತರವನ್ನೂ ಹೇಳುತ್ತಾನೆ. ತನ್ನ ಮತದ ಬಗ್ಗೆ ಮಾತ್ರ ಚಕಾರ ಎತ್ತುವುದಿಲ್ಲ.

ನಂಬಬಹುದಾ ಅಂದಿರಲ್ಲ, ಅದಕ್ಕೆ ಒಂದು ಸಂಗತಿ ಗೊತ್ತಿರಬೇಕು. ನಾವು ಈಗ ಒಂದೇ ಗ್ರಂಥವಾಗಿ ಓದುವುದು ನಿಜಕ್ಕೂ ಎರಡು ಬರಹಗಳ ಜೋಡಣೆ. ಮೊದಲನೆಯದನ್ನು 1646ರ ಮಾರ್ಚ್‌ನಲ್ಲಿ, ಸೋತು ಓಡಿಬಂದ ಸಿಲಿ ದ್ವೀಪದಲ್ಲಿ ಶುರುಮಾಡಿ ಜರ್ಸಿ ದ್ವೀಪದಲ್ಲಿ ಮುಂದುವರಿಸಿದ. ಆಗ ಘಟನೆಗಳು ಇನ್ನೂ ಹಸಿಯಾಗಿದ್ದವು. ನಾವು ಎಲ್ಲಿ ತಪ್ಪಿದೆವು ಅಂತ ಮುಂದಿನವರಿಗೆ ತಿಳಿಸುವ ಉದ್ದೇಶ, ಆದ್ದರಿಂದ ರಾಜನ ತಪ್ಪುಗಳನ್ನೂ ಹೇಳುತ್ತಾನೆ. ಎರಡನೆಯದು ಇಪ್ಪತ್ತು ವರ್ಷಕ್ಕೂ ಮೀರಿ ಕಳೆದ ಮೇಲೆ, ದೇಶಭ್ರಷ್ಟನಾಗಿ ಫ್ರಾನ್ಸಿನಲ್ಲಿ ಕೂತು ಬರೆದ ಆತ್ಮಕತೆ. ಅಲ್ಲಿ ಕೈಯಲ್ಲಿ ಹೆಚ್ಚು ಕಾಗದಪತ್ರ ಇರಲಿಲ್ಲ. ನೆನಪೇ ಆಧಾರ. ತನ್ನ ಹೆಸರನ್ನು ಉಳಿಸಿಕೊಳ್ಳುವ ತವಕವೂ ಸೇರಿತ್ತು. ಆಮೇಲೆ ಎರಡನ್ನೂ ಕತ್ತರಿಸಿ ಹೊಲಿದ. ಅಚ್ಚಾದದ್ದು ಅವನು ಸತ್ತು ಎಷ್ಟೋ ವರ್ಷಕ್ಕೆ, 1702ರಿಂದ 1704ರ ನಡುವೆ. ಯಾವ ಭಾಗ ಯಾವಾಗ ಬರೆದದ್ದು ಅಂತ ನೋಡಿ ಉಪಯೋಗಿಸಿ. ಹಂಸ–ಬಾತುಕೋಳಿಯ ಕತೆ, ರಾಜ ನಕಲು ಮಾಡಿದ ಕತೆ ಎರಡೂ ಆತ್ಮಕತೆಯವು, ಹಾಗಂತ ಪೇಪರ್‌ನಲ್ಲಿ ಹೇಳಿಬಿಡಿ. ಸಭೆಯ ಕಲಾಪದ ಬಗ್ಗೆ ಅವನ ಮಾತನ್ನು ಕಾಮನ್ಸ್‌ನ ದಾಖಲೆ ಮತ್ತು ಸದಸ್ಯನಾಗಿದ್ದ ಸೈಮಂಡ್ಸ್ ಡ್ಯೂಸ್‌ನ ದಿನಚರಿ ಜೊತೆ ತಾಳೆ ನೋಡಿ. ದಿನಾಂಕಗಳಲ್ಲಿ ಅವನು ಎಡವುತ್ತಾನೆ. ವ್ಯಕ್ತಿಚಿತ್ರಗಳಲ್ಲಿ ಅವನನ್ನು ಮೀರಿಸುವವರು ಕಡಿಮೆ. ಪಾರ್ಲಿಮೆಂಟಿನ ಸೇನಾನಿಯಾಗಿದ್ದ ಬದ್ಧವೈರಿ ಕ್ರಾಮ್‌ವೆಲ್‌ನನ್ನೇ ‘ಧೀರನಾದ ಕೆಟ್ಟ ಮನುಷ್ಯ’ ಅಂದವನು.

ಮುಂದಿನ ಬದುಕನ್ನು ಪೇಪರ್‌ನಲ್ಲಿ ಬೇಗ ದಾಟಿ. 1649ರಲ್ಲಿ ರಾಜನ ತಲೆ ಕಡಿದ ಮೇಲೆ ಮಗ ಎರಡನೇ ಚಾರ್ಲ್ಸ್‌ನ ಜೊತೆ ಪರದೇಶದಲ್ಲಿ ಅಲೆದ. ಚಳಿಗೆ ಬೆಂಕಿಯಿಲ್ಲ, ಬೆಚ್ಚನೆ ಬಟ್ಟೆಯಿಲ್ಲ ಅಂತ ಪ್ಯಾರಿಸ್‌ನಿಂದ ಬರೆದ ಕಾಗದಗಳಿವೆ. ದೇಶದಲ್ಲೇ ಉಳಿದ ಅನೇಕ ರಾಜಪಕ್ಷದವರು ಆಸ್ತಿಯ ಒಂದು ಪಾಲನ್ನು ದಂಡ ಕಟ್ಟಿ ಜಮೀನು ಬಿಡಿಸಿಕೊಂಡಿದ್ದರು. ಹೈಡ್‌ಗೆ ಆ ದಾರಿ ಮುಚ್ಚಿತ್ತು. ಪಾರ್ಲಿಮೆಂಟು ಕ್ಷಮೆಯಿಲ್ಲದವರ ಪಟ್ಟಿಯಲ್ಲಿ ಅವನ ಹೆಸರು ಹಾಕಿತ್ತು. 1660ರಲ್ಲಿ ರಾಜತ್ವ ಮರಳಿದಾಗ ಲಾರ್ಡ್ ಚಾನ್ಸಲರ್ ಆಗಿ ಬಂದ, ಮರುವರ್ಷ ಅರ್ಲ್ ಆದ. 1641ರಲ್ಲಿ ರದ್ದಾದ ಸ್ಟಾರ್ ಚೇಂಬರ್ ಮತ್ತೆ ಬರಲಿಲ್ಲ. ಹಡಗು ಹಣವೂ ಬರಲಿಲ್ಲ. ಅವನ ಪರ ವಾದಿಸುವವರಿಗೆ ಇದು ಒಳ್ಳೆಯ ಸಾಕ್ಷಿ.

ಬಾಂಬೆಯ ಮಾತು ಅರ್ಧ ನಿಜ. 1661ರಲ್ಲಿ ಎರಡನೇ ಚಾರ್ಲ್ಸ್ ಮತ್ತು ಪೋರ್ಚುಗಲ್‌ನ ಕ್ಯಾಥರೀನ್ ಮದುವೆ ಒಪ್ಪಂದ ಆದಾಗ ವರದಕ್ಷಿಣೆಯಲ್ಲಿ ಬಾಂಬೆಯೂ ಸೇರಿತ್ತು. ಆಗ ಮಾತುಕತೆಯಲ್ಲಿ ಹೈಡ್ ಇದ್ದ, ಆದರೆ ಅವನೊಬ್ಬನ ಕೆಲಸ ಅಲ್ಲ ಅದು. 1668ರಲ್ಲಿ ರಾಜ ಅದನ್ನು ವರ್ಷಕ್ಕೆ ಹತ್ತು ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟಾಗ ಹೈಡ್ ದೇಶದಲ್ಲೇ ಇರಲಿಲ್ಲ. ಮುಂದೆ ಧಾರವಾಡ, ಬೆಳಗಾವಿ, ವಿಜಯಪುರಗಳು ಬಾಂಬೆ ಪ್ರೆಸಿಡೆನ್ಸಿಗೆ ಸೇರಿದ ಕತೆಯನ್ನು ಇದಕ್ಕೆ ಗಂಟು ಹಾಕುವ ಆಸೆ ಬರುತ್ತದೆ. ನಡುವೆ ಒಂದೂವರೆ ಶತಮಾನ ಇದೆ, ಬೇಡ.

ಇನ್ನು ದಾರಿಗಳು. ಪಕ್ಷಾಂತರಿ ಅಂತ ವಾದಿಸಿದರೆ ಕೇಳಲು ಖಾರವಾಗಿರುತ್ತದೆ, ಆದರೆ ‘ಯಾವ ಪಕ್ಷದಿಂದ ಯಾವ ಪಕ್ಷಕ್ಕೆ?’ ಅನ್ನುವ ಒಂದೇ ಪ್ರಶ್ನೆಗೆ ಕುಸಿಯುತ್ತದೆ. ತತ್ವನಿಷ್ಠ ಅಂತ ವಾದಿಸಿದರೆ ಗುಟ್ಟಿನ ಬರಹ ಅಡ್ಡ ಬರುತ್ತದೆ. ಇನ್ನೂ ದೊಡ್ಡ ಅಡ್ಡಿ 1667ರದು. ಆ ಜೂನ್‌ನಲ್ಲಿ ಡಚ್ಚರು ಮೆಡ್‌ವೇ ನದಿಗೆ ನುಗ್ಗಿ ಹಡಗು ಸುಟ್ಟರು. ಲಂಡನ್ನಿನ ಜನ ಹೈಡ್‌ನ ಹೊಸ ಬಂಗಲೆಯ ಕಿಟಕಿ ಒಡೆದು ಮುಂದಿನ ಮರಗಳನ್ನು ಕಡಿದರು. ಆಗಸ್ಟ್‌ನಲ್ಲಿ ಅಧಿಕಾರ ಹೋಯಿತು. ಆಗ ಹೊರಿಸಿದ ಆರೋಪಗಳಲ್ಲಿ ಒಂದು ಇದು: ಕೈದಿಗಳನ್ನು ಇಂಗ್ಲೆಂಡಿನ ಕಾನೂನು ತಲುಪದ ದೂರದ ದ್ವೀಪಗಳಿಗೆ ಕಳಿಸಿದ. ಬಾತುಕೋಳಿ ಅಂದವನಿಗಾಗಿ ಗುಡುಗಿದ್ದ ಮನುಷ್ಯನ ಮೇಲೆ ಈ ಆರೋಪ! ಅಕ್ರಮ ಬಂಧನ ತಡೆಯುವ 1679ರ ಹೇಬಿಯಸ್ ಕಾರ್ಪಸ್ ಕಾಯಿದೆ ಇಂಥ ಸಾಗಾಟವನ್ನೇ ನಿಷೇಧಿಸಿತು. ಅವನು ಫ್ರಾನ್ಸ್‌ಗೆ ಓಡಿದ, 1674ರಲ್ಲಿ ರುಆನ್‌ನಲ್ಲಿ ಸತ್ತ. ತತ್ವನಿಷ್ಠ ಅನ್ನುವವರು ಇದಕ್ಕೆ ಉತ್ತರ ಇಟ್ಟುಕೊಂಡಿರಬೇಕು.

ಅದಕ್ಕೇ ನನ್ನ ಸಲಹೆ, ಇಡೀ ಬದುಕನ್ನು ಬಿಡಿ. 1641ರ ನವೆಂಬರ್‌ನಿಂದ 1642ರ ಮೇ ತನಕದ ತಿಂಗಳುಗಳನ್ನಷ್ಟೇ ತೆಗೆದುಕೊಳ್ಳಿ. ಹೈಡ್ ಮತ್ತು ಫಾಕ್‌ಲ್ಯಾಂಡ್ ಇಬ್ಬರನ್ನೂ ಪಕ್ಕಪಕ್ಕ ಇಡಿ. ಒಬ್ಬ ಹುದ್ದೆ ಒಪ್ಪಿದ, ಇನ್ನೊಬ್ಬ ಮರೆಯಲ್ಲಿ ಬರೆದ. ಕಾನೂನು ಯಾರು ಮುರಿದರು ಅಂತ ಇಬ್ಬರೂ ಹೇಗೆ ಲೆಕ್ಕ ಹಾಕಿದರು ಅನ್ನುವುದೇ ಪೇಪರ್ ಆಗಲಿ. ಇದರಲ್ಲಿರುವ ಅಪಾಯ, ಪಿಮ್ ಸಣ್ಣವನಾಗಿ ಕಾಣುತ್ತಾನೆ. ಅವನ ಭಯಕ್ಕೆ ಕನಿಷ್ಠ ಎರಡು ಪುಟ ಕೊಡಿ, ಜನವರಿ 4ರ ಘಟನೆಯಿಂದಲೇ ಶುರುಮಾಡಿ.

ಕೊನೆಗೆ ದಿನಾಂಕದ ಒಂದು ಎಚ್ಚರಿಕೆ. ಆಗ ಇಂಗ್ಲೆಂಡಿನಲ್ಲಿ ವರ್ಷ ಬದಲಾಗುತ್ತಿದ್ದುದು ಮಾರ್ಚ್ 25ಕ್ಕೆ. ಮೂಲ ದಾಖಲೆಗಳಲ್ಲಿ ಐವರನ್ನು ಹಿಡಿಯಲು ಹೋದ ಜನವರಿ ‘1641’ ಅಂತಲೇ ಇರುತ್ತದೆ. ನೀವು 1642 ಅಂತ ಬರೆಯಿರಿ, ಹಾಗೆ ಮಾಡಿದ್ದೇನೆ ಅಂತ ಮೊದಲ ಪುಟದಲ್ಲೇ ಒಂದು ಸಾಲು ಹಾಕಿ.